ಅವ್ವನ ನಾಲಿಗೆ, ನನ್ನ ಬಲಗಣ್ಣು

ನನ್ನ ಬಲಗಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಒಂದು ಬಿಳಿ ಕಲೆಯಿದೆ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಎದುರಿಗೆ ಕೂತವರು ಮೊದಲು ಅದನ್ನೇ ನೋಡುತ್ತಾರೆ, ಆಮೇಲೆ ಏನೂ ನೋಡದವರ ಹಾಗೆ ಪಲ್ಯ ಚೆನ್ನಾಗಿದೆ ಅನ್ನುತ್ತಾರೆ. ಧೈರ್ಯ ಇದ್ದವರು ಬಾಯಿಬಿಟ್ಟು ಕೇಳುತ್ತಾರೆ. ಕೇಳಿದವರು ಸುಮ್ಮನೆ ಹೋಗುವುದೂ ಇಲ್ಲ, ಒಂದು ಔಷಧಿ ಹೇಳಿಯೇ ಹೋಗುತ್ತಾರೆ.

ಹರಳೆಣ್ಣೆ, ಜೇನುತುಪ್ಪ, ನಂದಿಬಟ್ಟಲು ಹೂವಿನ ರಸ, ಬಾಣಂತಿಯ ಎದೆಹಾಲು. ಇವೆಲ್ಲ ನನಗೆ ಪುಕ್ಕಟೆ ಸಿಕ್ಕ ಸಲಹೆಗಳು. ಒಬ್ಬ ಹೆಂಗಸಂತೂ ಶಿರಾಳಕೊಪ್ಪದ ಬಸ್ಸಿನಲ್ಲಿ ತನ್ನ ಸೆರಗಿನ ತುದಿಗೆ ಬಾಯಿಂದ ಬಿಸಿ ಊದಿಕೊಂಡು ನನ್ನ ಕಣ್ಣಿಗೆ ಒತ್ತಲಿಕ್ಕೇ ಬಂದಳು. ನಾನು ಕೈ ತಳ್ಳಿದೆ. ಒಳ್ಳೇದು ಮಾಡಲಿಕ್ಕೆ ಹೋದರೆ ಹಿಂಗೆ ಅಂತ ಇಳಿಯುವ ತನಕ ಗೊಣಗಿದಳು. ನನಗೆ ಒಳ್ಳೆಯದಾಗಲಿ ಎಂದು ಬಯಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಇದನ್ನು ಬರೆಯುತ್ತಿರುವುದು ಅವರಿಗಲ್ಲ. ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಕಣ್ಣು ಮುಚ್ಚಿಕೊಂಡು, ಅಕ್ಕಪಕ್ಕದವರ ಮಾತು ಕೇಳಿ ಹಲ್ಲು ಕಡಿಯುತ್ತ ಕೂತವರು ಇದ್ದರೆ ಅವರಿಗೆ.

ಮೊದಲು ನನ್ನ ಎಡಗಣ್ಣಿನ ವಿಷಯ ಹೇಳಬೇಕು. ಅದು ಹುಟ್ಟಿನಿಂದ ಸೋಮಾರಿ. ನೋಡಲಿಕ್ಕೆ ಲಕ್ಷಣವಾಗಿದೆ, ಕೆಲಸ ಮಾತ್ರ ಮಾಡುವುದಿಲ್ಲ. ಅದೊಂದರಲ್ಲೇ ನೋಡಿದರೆ ಯಾರೋ ಬಂದರು ಎಂದು ತಿಳಿಯುತ್ತದೆ, ಯಾರು ಬಂದರು ಎಂದು ತಿಳಿಯುವುದಿಲ್ಲ. ಹಾಗಾಗಿ ನನಗೆ ಇದ್ದದ್ದು ಬಲಗಣ್ಣು ಒಂದೇ. ಪಿಯುಸಿ ಓದಿದ್ದು, ಸೂಜಿಗೆ ದಾರ ಪೋಣಿಸಿದ್ದು, ನನ್ನ ಗಂಡ ಬೀರಪ್ಪನನ್ನು ನೋಡಿ ಒಪ್ಪಿದ್ದು ಎಲ್ಲ ಅದರಿಂದಲೇ. ಕೊನೆಯ ವಿಷಯದಲ್ಲಿ ಅದಕ್ಕೆ ಸ್ವಲ್ಪ ಮೋಸವಾಯಿತು ಎಂದು ಆಗಾಗ ಅನ್ನಿಸಿದ್ದುಂಟು.

ಬೀರಪ್ಪನ ಊರು ಅಂಜನಾಪುರದ ಡ್ಯಾಮಿನ ಕೆಳಗೆ. ಮೆಕ್ಕೆಜೋಳ ಬೆಳೆಯುತ್ತೇವೆ, ಕುರಿ ಸಾಕುತ್ತೇವೆ. ಹಿಂಡು ಸಂಜೆ ಹಟ್ಟಿಗೆ ಬಂದಾಗ ಯಾವ ಮರಿ ಯಾವ ತಾಯಿಯದು ಎಂದು ಮುಖ ನೋಡಿ ಹೇಳುವವಳು ನಮ್ಮ ಮನೆಯಲ್ಲಿ ನಾನು. ಬೀರಪ್ಪನಿಗೆ ಅದು ಬರುವುದಿಲ್ಲ, ಗುರುತಿಗೆಂದು ಕಿವಿಗೆ ಹಾಕಿದ ಕಚ್ಚು ನೋಡಿಕೊಂಡೇ ಹೇಳಬೇಕು. ಹೊರಗಿನವರಿಗೆ ಕುರಿಗಳೆಲ್ಲ ಒಂದೇ ಥರ ಕಾಣುತ್ತವೆ. ನನಗೆ ಓಣಿಯ ಹೆಂಗಸರಿಗಿಂತ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಹಟ್ಟಿಯ ಬಾಗಿಲಲ್ಲಿ ನಿಂತು ಮರಿಗಳನ್ನು ತಾಯಂದಿರಿಗೆ ಹಚ್ಚುವ ಆ ಹೊತ್ತಿನಲ್ಲಿ ನನಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯವಿರುತ್ತಿತ್ತು.

ನನ್ನ ತವರು ಸೊರಬ ತಾಲ್ಲೂಕಿನ ಹೊಸಬಾಳೆ. ಅಲ್ಲಿ ನಮ್ಮ ಅವ್ವ, ಹಾಲಮ್ಮ, ಕಣ್ಣಿನ ಕಸ ತೆಗೆಯುವವಳು ಎಂದೇ ಹೆಸರಾದವಳು. ಕಣ್ಣಿಗೆ ಹೊಟ್ಟೋ ಹುಲ್ಲೋ ಬಿದ್ದರೆ ಜನ ಆನವಟ್ಟಿ ಕಡೆಯಿಂದಲೂ ಬೈಕಿನಲ್ಲಿ ಕೂತು ಬರುತ್ತಿದ್ದರು. ಅವ್ವ ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಉಪ್ಪುನೀರು ಮುಕ್ಕಳಿಸಿ, ಬಂದವರನ್ನು ಕಟ್ಟೆಯ ಮೇಲೆ ಬೆಳಕಿಗೆ ಮುಖ ಮಾಡಿ ಕೂರಿಸುತ್ತಿದ್ದಳು. ಎಡಗೈಯ ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ, ನಾಲಿಗೆಯ ತುದಿಯನ್ನು ಗುಡ್ಡೆಯ ಮೇಲೆ ಒಮ್ಮೆ ಆಡಿಸಿ, ಅಂಗೈಗೆ ಉಗಿದು ತೋರಿಸುತ್ತಿದ್ದಳು. ಅಂಗೈ ಮೇಲೆ ಕಸ ಇರುತ್ತಿತ್ತು. ದುಡ್ಡು ಮುಟ್ಟುತ್ತಿರಲಿಲ್ಲ. ಅವಳ ಅತ್ತೆಯಿಂದ ಬಂದ ವಿದ್ಯೆ ಅದು, ದುಡ್ಡು ಮುಟ್ಟಿದರೆ ಹೋಗುತ್ತದೆ ಎಂದು ನಂಬಿಕೆ. ನಾನು ಸಣ್ಣವಳಿದ್ದಾಗ ಶಾಲೆಯ ಮೇಷ್ಟ್ರೂ ಆ ಕಟ್ಟೆಯ ಮೇಲೆ ಕಣ್ಣು ಬಿಟ್ಟುಕೊಂಡು ಕೂತದ್ದನ್ನು ನೋಡಿದ್ದೇನೆ. ಆ ದಿನ ತರಗತಿಯಲ್ಲಿ ನನಗೆ ಬಹಳ ಜಂಬ ಬಂದಿತ್ತು.

ಹೋದ ಸುಗ್ಗಿಯಲ್ಲಿ ಕೈಗೆ ಆಳು ಸಿಗುವುದಿಲ್ಲ ಎಂದು ಅವ್ವ ಕರೆದಳು, ಹೋದೆ. ಕಣದಲ್ಲಿ ಭತ್ತ ತೂರುವಾಗ ಗಾಳಿ ತಿರುಗಿತು. ಹೊಟ್ಟೆಲ್ಲ ನನ್ನ ಮುಖಕ್ಕೆ ಬಂತು. ಮೊರ ಕೆಳಗೆ ಬೀಳುವುದರೊಳಗೆ ರೆಪ್ಪೆ ನನ್ನನ್ನು ಕೇಳದೆ ಮುಚ್ಚಿಕೊಂಡಿತ್ತು, ಆದರೂ ಒಂದು ಭತ್ತದ ಮೊನೆ ಒಳಗೆ ಸಿಕ್ಕಿತ್ತು. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಅವ್ವ ಓಡಿಬಂದಳು.

"ಬಿಡು ಕಣ್ಣು. ಬಿಗಿ ಹಿಡಿಬ್ಯಾಡ, ಬಿಡೇ."

"ನಾನೆಲ್ಲಿ ಹಿಡ್ದೀನಿ, ಅದೇ ಮುಚ್ಕಳ್ತದೆ."

"ಅದಕ್ಕೇನು ಗೊತ್ತಾಗ್ತದೆ, ನೀನು ಬಿಡು."

ರೆಪ್ಪೆ ಮುಚ್ಚಲಿಕ್ಕೆ ಜಗ್ಗಾಡುತ್ತಿತ್ತು, ಅವ್ವ ಬೆರಳಿಂದ ಅದನ್ನು ಅಗಲಿಸಿ ಹಿಡಿದಳು. ನೀರು ಬರುತ್ತಿತ್ತು, ನನ್ನ ಅತ್ತಿಗೆ ಸೆರಗಿನಿಂದ ಒರೆಸಿ ಒರೆಸಿ ಒಣಗಿಸಿದಳು. ಅವ್ವನ ನಾಲಿಗೆ ಬಂತು. ಬಿಸಿಯಾಗಿತ್ತು, ಒರಟಾಗಿತ್ತು. ಅಂಗೈ ಮೇಲೆ ಉಗಿದು ಮೊನೆಯನ್ನು ಎಲ್ಲರಿಗೂ ತೋರಿಸಿದಳು. ಬೇರೆಯವರಿಗೆ ತೋರಿಸುವಾಗ ಇಲ್ಲದ ಒಂದು ಸಂತೋಷ ಅವಳ ಮುಖದಲ್ಲಿತ್ತು, ಮಗಳ ಕಣ್ಣಲ್ಲವೇ.

ಬೆಳಗ್ಗೆ ಎದ್ದಾಗ ಕಣ್ಣು ಕೆಂಡ. ಗೀಜು ಕಟ್ಟಿ ರೆಪ್ಪೆಗಳು ಅಂಟಿಕೊಂಡಿದ್ದವು, ನೀರು ನಿಂತಿರಲಿಲ್ಲ. ಅವ್ವನಿಗೆ ಇದು ಅವಮಾನ. ಅವಳು ಕಸ ತೆಗೆದ ಮೇಲೂ ಒಂದು ಕಣ್ಣು ನೀರು ಸುರಿಸುವುದು ಎಂದರೇನು. ದೇವರ ಗೂಡಿನ ಪಕ್ಕದಿಂದ ಒಂದು ಸಣ್ಣ ಬಾಟಲಿ ತಂದಳು. ಹಿಂದಿನ ವರ್ಷ ಅವಳ ಕಣ್ಣಿನ ಪೊರೆ ತೆಗೆದಾಗ ಆಸ್ಪತ್ರೆಯವರು ಕೊಟ್ಟ ಡ್ರಾಪ್ಸ್. ಅರ್ಧ ಉಳಿದಿತ್ತು. ನಮ್ಮ ಕಡೆ ಔಷಧಿ ಚೆಲ್ಲುವುದು ಅನ್ನ ಚೆಲ್ಲಿದಷ್ಟೇ ಪಾಪ. ಆ ಬಾಟಲಿ ಆಗಲೇ ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದಿತ್ತು, ಅವರಿವರ ಕಣ್ಣುಗಳನ್ನೆಲ್ಲ ಕಂಡಿತ್ತು.

"ನನ್ನ ಕಣ್ಣಿಗೆ ಹಾಕಿದ್ದು ಇದೇಯ. ನೋಡು, ಸೂಜಿ ಬಿದ್ರೂ ಕಾಣ್ತದೆ ಈಗ. ಬೇಡ ಅನ್ಬ್ಯಾಡ."

ನಾನು ಬೇಡ ಅನ್ನಲಿಲ್ಲ. ಸಂಜೆಗೆ ಕೆಂಪು ತಿಳಿಯಾಯಿತು. ಮರುದಿನ ನೀರು ನಿಂತಿತು, ಗೀಜೂ ಇಲ್ಲ. ಓಣಿಯವರೆಲ್ಲ ಬಂದು ನೋಡಿ, ಹಾಲಮ್ಮನ ಕೈಗುಣ ಎಂದು ಹೊಗಳಿ, ಚಾ ಕುಡಿದು ಹೋದರು. ಊರಿಗೆ ಹೊರಟಾಗ ಅವ್ವ ಬಾಟಲಿಯನ್ನು ನನ್ನ ಬ್ಯಾಗಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಳು.

ಹಾಕುತ್ತ ಹೋದೆ. ಕಣ್ಣು ಬೆಳ್ಳಗೆ, ಒಣಗಿ, ಸುಮ್ಮನೆ ಇತ್ತು. ಬಿಸಿಲಿಗೆ ಸ್ವಲ್ಪ ಚುಚ್ಚುತ್ತಿತ್ತು, ಒಲೆಯ ಹೊಗೆ ಮುಂದೆ ಬಂದ ಹಾಗೆ ಮಸುಕು ಇರುತ್ತಿತ್ತು. ಕೆಂಪಿಲ್ಲ, ನೀರಿಲ್ಲ, ಇನ್ನೇನು ರೋಗ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಒಂದು ಸಂಜೆ ಬೀರಪ್ಪ ಹಟ್ಟಿಯಿಂದ ಒಂದು ಮರಿ ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದ.

"ಯಾರದಿದು? ಒಂದೇ ಸಮ ಒದರಾಕತ್ತೈತಿ, ಯಾವ ಕುರಿನೂ ಬಿಟ್ಕೊಳವಲ್ದು."

ಮರಿಯ ಮುಖವಿರಬೇಕಾದ ಕಡೆ ಒಂದು ಕಂದು ಮುದ್ದೆ ಇತ್ತು. ಹತ್ತಿರ ಎಳೆದುಕೊಂಡೆ, ದೂರ ಹಿಡಿದೆ, ತಲೆ ಓರೆ ಮಾಡಿದೆ. ಗೊತ್ತಾಗಲಿಲ್ಲ. ಕಿವಿ ಹಿಡಿದು ಕಚ್ಚು ತಡವಿ ಹೇಳಿದೆ. ಬೀರಪ್ಪ ಮರಿ ತೆಗೆದುಕೊಂಡು ಹೋದ. ನಾನು ಒಳಗೆ ಹೋಗಿ ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಮೊಬೈಲಿನ ಬೆಳಕು ಬಿಟ್ಟುಕೊಂಡು, ಬಲಗಣ್ಣಿನಿಂದ ಬಲಗಣ್ಣನ್ನೇ ಹುಡುಕಿದೆ. ಕರಿಗುಡ್ಡೆಯ ಮೇಲೆ ಬೂದು ಬಣ್ಣದ ಚುಕ್ಕೆ ಕೂತಿತ್ತು. ಅದರ ಸುತ್ತ ಹತ್ತಿಯ ಎಳೆ ಬಿಟ್ಟ ಹಾಗೆ ಅಂಚು.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಕಣ್ಣಿನ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವಷ್ಟೊತ್ತಿಗೆ ನೋವು ಶುರುವಾಗಿತ್ತು. ಕಣ್ಣೊಳಗೆ ಯಾರೋ ಕೂತು ದಬ್ಬಣದಿಂದ ಹೊಲಿಯುತ್ತಿದ್ದ ಹಾಗೆ. ಕಾಯುವ ಕೋಣೆಯಲ್ಲಿ ಜನ ತುಂಬಿದ್ದರು. ಬೆಂಚಿನ ಈ ಕಡೆಯವನು ಕಣ್ಣಿಗೆ ಈರುಳ್ಳಿ ರಸ ಬಿಡಲು ಹೇಳಿದ, ಆ ಕಡೆಯವಳು ದೃಷ್ಟಿ ತೆಗೆಸಿದಿರಾ ಎಂದು ಕೇಳಿದಳು. ಟಿವಿಯಲ್ಲಿ ಯಾರೋ ನಗುತ್ತಿದ್ದರು, ಅವರ ಮೇಲೂ ಸಿಟ್ಟು ಬಂತು. ಎದುರು ಕೂತಿದ್ದ ಹಸಿರು ಕನ್ನಡಕದ ಮುದುಕಿಯೊಬ್ಬಳು ಮಾತ್ರ ಎದ್ದುಬಂದು, ನನ್ನ ಮುಖಕ್ಕೆ ಹೊಡೆಯುತ್ತಿದ್ದ ಫ್ಯಾನನ್ನು ಆಚೆ ತಿರುಗಿಸಿ, ಕಿಟಕಿಯ ಪರದೆ ಎಳೆದು, ಒಂದು ಮಾತೂ ಆಡದೆ ಹೋಗಿ ಕೂತಳು. ಆ ಎಲ್ಲ ದಿನಗಳಲ್ಲಿ ನನಗೆ ಸಿಕ್ಕ ಅತ್ಯುತ್ತಮ ಔಷಧಿ ಅದು. ಅವಳ ಹೆಸರು ಕೇಳಬೇಕು ಎಂದೂ ಆಗ ಹೊಳೆಯಲಿಲ್ಲ.

ಸರದಿ ಬರುವ ಮುಂಚೆ ಬೀರಪ್ಪ ಕಿವಿಯಲ್ಲಿ ಹೇಳಿದ, "ಅತ್ತಿ ಸುದ್ದಿ ಎತ್ತಬ್ಯಾಡ. ನಾಲಿಗಿಲೆ ನೆಕ್ಕಿದ್ರು ಅಂದ್ರ ಮಂದಿ ಏನ್ ಅಂದ್ಕಂತಾರ. ವಯಸ್ಸಾದಾಕಿ, ಹೆಸರು ಕೆಡ್ತತಿ."

ನನಗಿಂತ ಸಿಟ್ಟಿನ ಹೆಂಗಸನ್ನು ನಾನು ನೋಡಿರಲಿಲ್ಲ, ಆ ಡಾಕ್ಟರಮ್ಮನನ್ನು ನೋಡುವ ತನಕ. ವಯಸ್ಸು ನನಗಿಂತ ಕಡಿಮೆ. ಗಲ್ಲವನ್ನು ಮಷೀನಿಗೆ ಒತ್ತಿಸಿ, ಬೆಳಕು ಬಿಟ್ಟು ನೋಡಿ, ಹಿಂದಕ್ಕೆ ಸರಿದಳು.

"ಏನು ಬಿದ್ದಿತ್ತು?"

"ಭತ್ತದ ಮೊನೆ."

"ಏನೇನು ಹಾಕಿದ್ರಿ ಕಣ್ಣಿಗೆ?"

"ಏನೂ ಹಾಕಿಲ್ರಿ ಮೇಡಂ, ಬರೇ ತಣ್ಣೀರು," ಎಂದ ಬೀರಪ್ಪ.

ಡಾಕ್ಟರಮ್ಮ ಚೀಟಿ ಎಳೆದುಕೊಂಡು ಬರೆಯತೊಡಗಿದಳು. ಪೆನ್ನಿನ ಸದ್ದು ಕೇಳುತ್ತಿತ್ತು. ಈಕೆಯೂ ಈಗ ನಮ್ಮ ಹಾಗೆ ಕುರುಡಾಗಿ ಏನೋ ಒಂದು ಹಾಕುತ್ತಾಳೆ ಎಂದು ನನಗೆ ಅನ್ನಿಸಿತು. ಇದ್ದದ್ದು ಒಂದು ಕಣ್ಣು. ಅವ್ವನ ಹೆಸರು ದೊಡ್ಡದೋ ನನ್ನ ಕಣ್ಣು ದೊಡ್ಡದೋ ಎಂದು ಯೋಚಿಸುವಷ್ಟು ಒಳ್ಳೆಯವಳು ನಾನಲ್ಲ.

"ನಿಲ್ರಿ ಮೇಡಂ. ಇವರು ಸುಳ್ಳು ಹೇಳ್ತಾರೆ. ನಮ್ಮವ್ವ ನಾಲಿಗೇಲಿ ಕಸ ತೆಗೆದ್ಲು. ಆಮೇಲೆ ಇದನ್ನ ಹಾಕಿದ್ಲು, ನಾನೂ ಹಾಕ್ಕಂಡೆ."

ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟೆ. ಡಾಕ್ಟರಮ್ಮ ಅದನ್ನು ತಿರುಗಿಸಿ ಓದಿದಳು. ಬರೆದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದಳು.

"ನಾಲಿಗೆಯಿಂದ," ಎಂದಳು. "ಬಾಯಲ್ಲಿ ಏನೇನಿರುತ್ತೆ ಗೊತ್ತಾ ನಿಮಗೆ? ಅದು ಹೋಗ್ಲಿ. ಇದು ಆಪರೇಷನ್ ಆದ ಕಣ್ಣಿನ ಕೆಂಪು ಇಳಿಸೋಕೆ ಕೊಡೋದು. ಇದನ್ನ ಹಾಕಿದ ಮೇಲೆ ಕೆಂಪು ಹೋಯ್ತು, ನೀರು ನಿಂತ್ಹೋಯ್ತು, ಸರಿ ಹೋಯ್ತು ಅಂದ್ಕೊಂಡ್ರಿ. ಅಲ್ವಾ?"

"ಹೌದ್ರಿ."

"ರೆಪ್ಪೆ ಮುಚ್ಚೋದು, ನೀರು ಬರೋದು, ಕೆಂಪಾಗೋದು, ಇದೆಲ್ಲ ಕಾಯಿಲೆ ಅಲ್ಲಮ್ಮ. ಅದು ನಿಮ್ಮ ಕಣ್ಣು ಜಗಳ ಆಡ್ತಾ ಇರೋದು. ಆ ನೀರಿನಲ್ಲೇ ಮದ್ದಿರುತ್ತೆ. ನೀವು ಜಗಳ ಆಡೋ ಕಣ್ಣಿನ ಬಾಯಿ ಮುಚ್ಚಿಸಿದ್ರಿ. ಬಂದವನಿಗೆ ಬಾಗಿಲು ತೆಗೆದ ಹಾಗಾಯ್ತು."

ಇದು ನನಗೆ ಪಾಠ ಮಾಡಿದ ಹಾಗೆ ಕೇಳಿಸಲಿಲ್ಲ, ಬೈದ ಹಾಗೆ ಕೇಳಿಸಿತು. ಬೈಗುಳವಾದ್ದರಿಂದಲೇ ತಲೆಗೆ ಹೋಯಿತು. ನಮ್ಮ ಹಟ್ಟಿಯ ನಾಯಿ ಬೊಗಳುತ್ತದೆ ಎಂದು ಅದರ ಮೂತಿ ಕಟ್ಟಿ ಮಲಗಿದರೆ ಬೆಳಗ್ಗೆ ಎಷ್ಟು ಕುರಿ ಉಳಿದಿರುತ್ತವೆ ಎಂದು ಯಾವ ಕುರಿಗಾರನಿಗೂ ಹೇಳಿಕೊಡಬೇಕಿಲ್ಲ. ನಾನು ಕುರಿಗಾರರ ಮನೆಯವಳೇ. ಅದೇ ಕೆಲಸವನ್ನು ನನ್ನ ಕಣ್ಣಿಗೆ ಮಾಡಿ, ಸದ್ದು ನಿಂತಿತು ಎಂದು ನೆಮ್ಮದಿಯಾಗಿ ಮಲಗಿದ್ದೆ.

ಕಣ್ಣಿಗೆ ಜೋಮು ಹಿಡಿಸುವ ಹನಿ ಹಾಕಿ, ಹುಣ್ಣನ್ನು ಕೆರೆದು ಗಾಜಿನ ಮೇಲೆ ಇಟ್ಟು ನೋಡಿದರು. ಬೂಷ್ಟು, ಒದ್ದೆ ಮೆಕ್ಕೆಜೋಳಕ್ಕೆ ಹಿಡಿಯುವ ಬೂಷ್ಟಿನ ಜಾತಿಯೇ ಎಂದರು. ಅದು ಗುಡ್ಡೆಯ ನಡುವಿಗೆ ಬಂದರೆ ನೋಟ ಹೋಗುತ್ತದೆ, ತೂತು ಬಿದ್ದರೆ ಶಿವಮೊಗ್ಗಕ್ಕೋ ಇನ್ನೂ ಆಚೆಗೋ ಹೋಗಿ ತೀರಿಕೊಂಡವರ ಕಣ್ಣಿನ ಪದರ ಹಾಕಿಸಬೇಕು, ಅದೂ ಸಿಕ್ಕರೆ. ಡಾಕ್ಟರಮ್ಮ ಇದನ್ನು ಮೆತ್ತಗೆ ಹೇಳಲಿಲ್ಲ. ಹೊರಗೆ ಬಂದಾಗ ಕಾಯುವ ಕೋಣೆಯಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಒಳಗಿನ ಕೋಣೆಗೆ ಬಾಗಿಲಿರಲಿಲ್ಲ, ಪರದೆ ಮಾತ್ರ ಇತ್ತು. ಅಲ್ಲಿ ಕೂತವರಲ್ಲಿ ಒಬ್ಬ ಸೊರಬದವನಿದ್ದನಂತೆ. ನಾವು ಮನೆ ಮುಟ್ಟುವ ಮೊದಲು ಸುದ್ದಿ ಹೊಸಬಾಳೆ ಮುಟ್ಟಿತು.

ಔಷಧಿ ಹಾಲಿನ ಕೆನೆಯಂತೆ ಬೆಳ್ಳಗೆ, ಮಂದ. ಗಂಟೆಗೊಮ್ಮೆ ಹಾಕಬೇಕು. ಬೀರಪ್ಪ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡ. ಅದೆಷ್ಟೋ ಕುರಿಗಳ ಬಾಯಿ ಬಿಡಿಸಿ ಒಂದು ಹನಿ ಆಚೆ ಈಚೆ ಆಗದ ಹಾಗೆ ಔಷಧಿ ಕುಡಿಸುವ ಮನುಷ್ಯ, ಹೆಂಡತಿಯ ಕಣ್ಣಿಗೆ ಬಂದಾಗ ಹುಬ್ಬಿಗೆ ಹಾಕಿದ, ಮೂಗಿಗೆ ಹಾಕಿದ, ಕಿವಿಯ ಹತ್ತಿರವೂ ಹಾಕಿದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಬಾಟಲಿಗೆ ಮುಚ್ಚಳ ಹಾಕಿ ಮುಂದಿನ ಅಲಾರಾಂ ಇಟ್ಟ. ಕ್ಲಿನಿಕ್ಕಿನಲ್ಲಿ ಸುಳ್ಳು ಹೇಳಿದ್ದಕ್ಕೆ ಸುಮ್ಮನಿದ್ದನೋ, ನನ್ನ ಕಣ್ಣಿಗೆ ಹೆದರಿ ಸುಮ್ಮನಿದ್ದನೋ ಗೊತ್ತಿಲ್ಲ. ನಾನು ಕೇಳಲಿಲ್ಲ, ಬೈಯುವುದಕ್ಕೆ ಹತ್ತಿರ ಒಬ್ಬರು ಬೇಕಾಗಿತ್ತು.

ಅವ್ವ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ನನ್ನ ಕಣ್ಣು ನೋಡಲಿಲ್ಲ, ಗೋಡೆಗೆ ಒರಗಿ ನಿಂತು ಮಾತು ಶುರು ಮಾಡಿದಳು.

"ಏನಂತ ಹೇಳಿ ಬಂದೆ ಆಸ್ಪತ್ರೇಲಿ? ನನ್ನ ನಾಲಿಗೇಲಿ ವಿಷ ಐತೆ ಅಂತನಾ?"

"ಕೇಳಿದ್ರು, ಇದ್ದದ್ದು ಹೇಳಿದೆ."

"ಎಷ್ಟು ಜನದ್ದು ತೆಗ್ದೀನಿ ನಾನು, ಒಬ್ರಿಗಾದ್ರೂ ಕಣ್ಣು ಹೋಗೈತಾ ಕೇಳು. ಮಗಳೇ ಹೇಳಿದ ಮೇಲೆ ಇನ್ಯಾರು ನಂಬ್ತಾರೆ. ನಿನ್ನೆ ಒಬ್ಬ ಬಂದಿದ್ದ, ಆನವಟ್ಟಿಯಿಂದ. ಕಟ್ಟೆ ತಂಕ ಬಂದು, ಯಾರೋ ಏನೋ ಅಂದ್ರು, ವಾಪಸ್ ಹೋದ."

"ಹೋದ್ನಲ್ಲ, ಅವನ ಕಣ್ಣು ಉಳೀತು."

ಅವ್ವನ ಮುಖ ನನಗೆ ಕಾಣುತ್ತಿರಲಿಲ್ಲ. ಮುಖ ಕಾಣದಿದ್ದರೆ ಇಂಥ ಮಾತು ಆಡುವುದು ಸುಲಭ. ಇನ್ನೂ ಆಡಿದೆ. ಯಾರದೋ ಮನೆಯ ಹೆಣ್ಣುಮಗಳ ಕಣ್ಣಾಗಿದ್ದರೆ ಇಷ್ಟು ಹೊತ್ತಿಗೆ ನಿನ್ನ ಕಟ್ಟೆ ಕಿತ್ತುಹಾಕಿರುತ್ತಿದ್ದರು ಎಂದೆ. ನಾನು ಕುರುಡಿಯಾದರೆ ನನ್ನನ್ನು ಕೈ ಹಿಡಿದು ಬಚ್ಚಲಿಗೆ ಕರಕೊಂಡು ಹೋಗಲಿಕ್ಕೆ ನೀನೇ ಬಂದು ಇರು ಎಂದೆ. ಬೀರಪ್ಪ ತಂದ ನೀರಿನ ಚೊಂಬನ್ನು ಅವ್ವ ಮುಟ್ಟಲಿಲ್ಲ. ಹೊರಗೆ ಚಪ್ಪಲಿಯ ಸದ್ದು ಕೇಳಿಸಿತು. ಆಮೇಲೆ ಫೋನು ಬಂದರೆ ಬೀರಪ್ಪನಿಗೆ ಬರುತ್ತಿತ್ತು. ಅವನು ಹೂಂ, ಹಂಗ ಐತಿ, ಪರವಾಗಿಲ್ಲ ಎಂದು ಹೇಳಿ ಇಡುತ್ತಿದ್ದ. ಕೊಡಲಾ ಎಂದು ನನ್ನನ್ನು ಕೇಳುತ್ತಿರಲಿಲ್ಲ, ಕೇಳಿದ್ದರೂ ನಾನು ತೆಗೆದುಕೊಳ್ಳುತ್ತಿರಲಿಲ್ಲ.

ಕಾಯಿಲೆಯಲ್ಲಿ ಬಿದ್ದವರಿಗೆ ಒಂದು ಅಪರಾಧಿ ಬೇಕು. ಪ್ರತಿ ಸಲ ಕ್ಲಿನಿಕ್ಕಿಗೆ ಹೋದಾಗಲೂ ಡಾಕ್ಟರಮ್ಮನಿಂದ ಒಂದು ಹೆಸರು ಹೊರಡಿಸಲು ನೋಡಿದೆ. ನಾಲಿಗೆಯಿಂದಲೇ ಆಯಿತು ಅಲ್ಲವಾ ಎಂದು ಕೇಳಿದೆ. "ಭತ್ತದ ಮೊನೆಯಲ್ಲೇ ಬೂಷ್ಟು ಇದ್ದಿರಬಹುದು. ನಾಲಿಗೆಯಿಂದ ಗಾಯ ದೊಡ್ಡದಾಗಿರಬಹುದು. ಡ್ರಾಪ್ಸ್ ಅದನ್ನ ಸಾಕಿ ಬೆಳೆಸಿತು. ಕೋರ್ಟಲ್ಲಿ ಇದ್ದೀವಾ ನಾವು? ಗಲ್ಲ ಇಡಿ ಮುಂದೆ," ಎಂದಳು. ನನಗೆ ಬೇಕಾದ ತೀರ್ಪು ಸಿಗಲಿಲ್ಲ. ಸಿಗದಿದ್ದರೂ ಸಿಟ್ಟು ಕಡಿಮೆಯಾಗಲಿಲ್ಲ.

ಆ ದಿನಗಳಲ್ಲಿ ನಾನು ಮಾಡುತ್ತಿದ್ದ ಕೆಲಸ ಒಂದೇ, ಕತ್ತಲು ಕೋಣೆಯಲ್ಲಿ ಕೂತು ರೆಪ್ಪೆ ಬಡಿಯುವುದನ್ನು ಗಮನಿಸುವುದು. ಹುಟ್ಟಿದಾಗಿನಿಂದ ನಾನು ಹೇಳದೆಯೇ ಬಡಿಯುತ್ತ ಬಂದಿದೆ. ಕೂಲಿ ಕೇಳಿಲ್ಲ. ಪ್ರತಿ ಸಲ ಬಡಿದಾಗಲೂ ಹುಣ್ಣಿನ ಮೇಲೆ ಹಾದು ನೋವಾಗುತ್ತಿತ್ತು, ಆದರೂ ಒರೆಸಿ ಒರೆಸಿ ಹೋಗುತ್ತಿತ್ತು. ಅತ್ತಿಗೆಯ ಸೆರಗಿಗಿಂತ ಅದು ಎಷ್ಟೋ ಮೇಲು ಎಂದು ನನಗೆ ತಡವಾಗಿ ತಿಳಿಯಿತು. ಅದನ್ನು ಬೆರಳಿಂದ ಹಿಡಿದು ನಿಲ್ಲಿಸಿದ್ದು ನೆನಪಾದಾಗಲೆಲ್ಲ ಅವ್ವನ ಮೇಲೆ ಹೊಸದಾಗಿ ಸಿಟ್ಟು ಬರುತ್ತಿತ್ತು. ದಿನವೂ ಬಿಸಿಬಿಸಿಯಾಗಿ ಬರುತ್ತಿತ್ತು, ಆರಲು ನಾನು ಬಿಡುತ್ತಿರಲಿಲ್ಲ.

ಒಂದು ದಿನ ಕಣ್ಣು ಮತ್ತೆ ಕೆಂಪಾಗಿ, ಬಿಳಿಗುಡ್ಡೆಯಿಂದ ಹುಣ್ಣಿನ ಕಡೆಗೆ ಸಣ್ಣ ಕೆಂಪು ನರಗಳು ಹರಿದವು. ನೀರೂ ಶುರುವಾಯಿತು. ಮುಗಿಯಿತು ಎಂದುಕೊಂಡೆ. ಬೀರಪ್ಪ ಬೈಕ್ ತೆಗೆದ. ಡಾಕ್ಟರಮ್ಮ ಮಷೀನಿನಲ್ಲಿ ಬಹಳ ಹೊತ್ತು ನೋಡಿದಳು.

"ನರ ಬಂದಿದೆ. ಒಳ್ಳೇದು."

"ಕೆಂಪಾಗೈತಲ್ರಿ."

"ಆಗಬೇಕು. ಗಾಯ ಮುಚ್ಚೋಕೆ ಸಾಮಾನು ಹೊತ್ಕೊಂಡು ಬರ್ತಾ ಇದೆ ನಿಮ್ಮ ಮೈ. ನೀರು ಬರ್ತಿದ್ರೆ ಬರ್ಲಿ, ಮುಟ್ಟಬೇಡಿ." ಆಮೇಲೆ, ಮೊದಲ ಸಲ ಸ್ವಲ್ಪ ದನಿ ಇಳಿಸಿ, "ನಡುವಿಗೆ ಬಂದಿಲ್ಲಮ್ಮ. ಅಂಚಿನಲ್ಲೇ ನಿಂತಿದೆ," ಎಂದಳು.

ಬೀರಪ್ಪ ಹೊರಗೆ ಹೋಗಿ ಬೈಕಿನ ಹತ್ತಿರ ನಿಂತು, ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಧೂಳು ಎಂದ. ಧೂಳೇ ಇರಲಿ ಎಂದು ಬಿಟ್ಟೆ.

ಹುಣ್ಣು ಮಾಯಿತು, ಕಲೆ ಉಳಿಯಿತು. ಕಲೆಯ ಕಡೆಯಿಂದ ನೋಡಿದರೆ ಗಾಜಿಗೆ ಆವಿ ಕಟ್ಟಿದ ಹಾಗೆ ಇರುತ್ತದೆ. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಈಗ ನಾನು ಎಲ್ಲರನ್ನೂ ಓರೆಯಾಗಿ ನೋಡುತ್ತೇನೆ, ನನ್ನ ಸ್ವಭಾವ ಬಲ್ಲವರು ಇದು ಮೊದಲಿನಿಂದಲೂ ಹಾಗೆಯೇ ಅನ್ನುತ್ತಾರೆ. ಒಂದು ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತಾಗ ಒಂದು ಮರಿ ಅರಚುತ್ತ ಕಾಲಿಗೆ ಬಂತು. ತಲೆ ಓರೆ ಮಾಡಿ ನೋಡಿದೆ. ಹಣೆಯ ಸುಳಿ, ಮೂಗಿನ ಮೇಲಿನ ಮಚ್ಚೆ, ಹೆದರಿದ ಪೆದ್ದು ಮುಖ. "ಇದು ಕೆಂದಿ ಕುರೀದು," ಎಂದೆ. ಬೀರಪ್ಪ ಕಿವಿ ಮಡಚಿ ಕಚ್ಚು ನೋಡಿ ಹೌದು ಎಂದ. ನಂಬಿಕೆಯಿಲ್ಲದ ಮನುಷ್ಯ ಎಂದು ಅವನನ್ನು ಬೈದು, ಒಳಗೆ ಹೋಗಿ ಒಲೆ ಮುಂದೆ ಕೂತು ನಾನು ಅತ್ತೆ. ಬಹಳ ದಿನಗಳ ಮೇಲೆ ನನ್ನ ಕಣ್ಣು ತನ್ನ ಕೆಲಸವನ್ನು ಸರಿಯಾಗಿ ಮಾಡಿತು.

ಮಳೆಗಾಲಕ್ಕೆ ಮುಂಚೆ, ಹೊಲ ಹದ ಮಾಡುವ ಹೊತ್ತಿನಲ್ಲಿ, ಒಂದು ಮಧ್ಯಾಹ್ನ ಅವ್ವ ಬಂದಳು. ಹೇಳಿ ಕಳಿಸಿರಲಿಲ್ಲ. ಬಸ್ಸಿಳಿದು ನಡೆದು ಬರುತ್ತಿದ್ದವಳನ್ನು ದೂರದಿಂದಲೇ ಗುರುತಿಸಿದೆ, ಆದರೆ ನಡಿಗೆ ಅವಳದಲ್ಲ. ಎರಡೂ ಕೈಗಳನ್ನು ಸೊಂಟದ ಹತ್ತಿರ ಬಿಗಿಯಾಗಿ ಕಟ್ಟಿಕೊಂಡು, ಮುಖ ಮುಂದಕ್ಕೆ ಬಾಗಿಸಿ ಬರುತ್ತಿದ್ದಳು. ಹತ್ತಿರ ಬಂದಾಗ ನೋಡಿದೆ. ಪೊರೆ ತೆಗೆಸಿದ ಕಣ್ಣು ಕೆಂಪಾಗಿ ಮುಚ್ಚಿಕೊಂಡಿತ್ತು, ಗಲ್ಲದಿಂದ ಇಳಿದ ನೀರಿನಿಂದ ರವಿಕೆಯ ಮುಂಭಾಗವೆಲ್ಲ ಒದ್ದೆ.

"ಬಣವೆಯಿಂದ ಹುಲ್ಲು ಹಿರೀತಿದ್ದೆ, ಬಿತ್ತು," ಎಂದಳು.

"ಯಾವಾಗ?"

"ಬೆಳಗ್ಗೆ."

"ಬೆಳಗ್ಗೆ ಬಿದ್ದದ್ದಕ್ಕೆ ಇಷ್ಟೊತ್ತಿಗೆ ಇಲ್ಲಿಗೆ ಬರ್ತೀಯಾ? ಸೊರಬದಲ್ಲಿ ಆಸ್ಪತ್ರೆ ಇಲ್ವಾ? ಬಸ್ ಬದಲ್ಸಿ ಬದಲ್ಸಿ ಧೂಳಲ್ಲಿ ಬಂದೀಯಲ್ಲ, ಬುದ್ಧಿ ಐತಾ ನಿನಗೆ?" ನನ್ನ ದನಿ ನನಗೇ ಡಾಕ್ಟರಮ್ಮನ ದನಿಯಂತೆ ಕೇಳಿಸಿತು.

ಅವ್ವ ಜಗಲಿಯ ಮೇಲೆ ಕೂತಳು. ಕೈಗಳನ್ನು ಬಿಡಿಸಲಿಲ್ಲ, ತೊಡೆಯ ಮೇಲೆ ಒಂದನ್ನೊಂದು ಹಿಡಿದುಕೊಂಡೇ ಇದ್ದಳು. ಅವಳ ಕೈಗಳು ಸುಮ್ಮನೆ ಕೂತದ್ದನ್ನು ನಾನು ನೋಡಿದವಳಲ್ಲ.

"ಓಣೀಲಿ ಎಣ್ಣೆ ತಂದ್ರು, ಬ್ಯಾಡ ಅಂದೆ. ಬಸ್ಸಲ್ಲಿ ಒಬ್ಬಳು ಊದ್ತೀನಿ ಅಂದ್ಲು, ಬ್ಯಾಡ ಅಂದೆ. ಉಜ್ಜಿಲ್ಲ, ಒರೆಸಿಲ್ಲ, ಸೆರಗೂ ತಾಗಿಸಿಲ್ಲ ಇದಕ್ಕೆ." ಆಮೇಲೆ, "ನೀನು ಬಯ್ತೀಯ, ಗೊತ್ತು. ಬೈದ್ರೂ ಏನೂ ಹಾಕಲ್ಲ ಅಂತ ಬಂದೆ," ಎಂದಳು.

ಬೀರಪ್ಪ ಬೈಕಿಗೆ ಪೆಟ್ರೋಲ್ ಸಾಲದು ಎಂದು ಪಕ್ಕದ ಮನೆಯ ಆಟೋ ಕರೆಯಲು ಓಡಿದ. ಕ್ಲಿನಿಕ್ ಮುಚ್ಚಲು ಇನ್ನೂ ಹೊತ್ತಿತ್ತು. ನಾನು ಕಾಸಿ ಆರಿಸಿದ ನೀರು ತಂದು ಅವ್ವನ ಪಕ್ಕ ಕೂತೆ. ಎರಡು ಬೆರಳಲ್ಲಿ ರೆಪ್ಪೆ ಅಗಲಿಸುವ ಅವಳ ಹಳೆಯ ಪದ್ಧತಿ ನನ್ನ ಕೈಗೂ ಬಂದಿತ್ತು, ಕೈ ಎತ್ತಿದವಳು ಹಾಗೇ ಇಳಿಸಿದೆ. ರೆಪ್ಪೆ ತಾನಾಗಿ ಬಡಿಯುತ್ತಿತ್ತು, ನೀರು ತಾನಾಗಿ ಬರುತ್ತಿತ್ತು. ಮೂಗಿನ ಕಡೆಯ ಮೂಲೆಗೆ ಒಂದು ಸಣ್ಣ ಹುಲ್ಲಿನ ಎಳೆ ಬಂದು ನಿಂತಿತ್ತು, ಇ‌ನ್ನೊಂದು ಸಲ ಬಡಿದರೆ ಹೊರಗೆ ಬೀಳುವ ಹಾಗೆ.

"ನಿನ್ನ ಕಣ್ಣು ತೋರಿಸು," ಎಂದಳು ಅವ್ವ. ಇಷ್ಟು ತಿಂಗಳಲ್ಲಿ ಅವಳು ಅದನ್ನು ನೋಡಿರಲಿಲ್ಲ. ನಾನು ಮುಖವನ್ನು ಓರೆ ಮಾಡದೆ ನೇರವಾಗಿ ಅವಳ ಕಡೆ ತಿರುಗಿಸಿದೆ. ತೆರೆದಿದ್ದ ಒಂದು ಕಣ್ಣಿನಿಂದ ಅವಳು ಆ ಬಿಳಿ ಕಲೆಯನ್ನು ನೋಡಿದಳು. ನನಗೆ ಇನ್ನೂ ಸಿಟ್ಟಿತ್ತು, ಈಗಲೂ ಇದೆ. ಅವಳು ಯಾವ ಔಷಧಿಯ ಹೆಸರನ್ನೂ ಹೇಳಲಿಲ್ಲ. ಕಸ ಬಿದ್ದದ್ದು ಅವಳ ಒಂದೇ ಕಣ್ಣಿಗೆ. ನೀರು ಎರಡರಿಂದಲೂ ಇಳಿಯುತ್ತಿತ್ತು. ನಾನು ಒರೆಸಲಿಲ್ಲ.